ಫುಟ್‌ಬಾಲ್ ಕ್ಲಬ್‌ಗಳು ಮಕ್ಕಳನ್ನು ಹೇಗೆ ಬೆಳೆಸುತ್ತವೆ? ತುಮಕೂರಿನಲ್ಲಿರುವ ನನ್ನ 10 ವರ್ಷದ ಮಗನಿಗೆ ಏನು ಮಾಡಿಸಲಿ?

ದೊಡ್ಡ ಕ್ಲಬ್‌ಗಳು ಈ ವಯಸ್ಸಿನವರನ್ನು ಸುಮ್ನೆ ಮೈದಾನದ ಸುತ್ತ ಓಡಿಸೋದಿಲ್ಲ. ಪ್ರತಿ ಹುಡುಗನ ಕಾಲಿಗೂ ಚೆಂಡು ಜಾಸ್ತಿ ಸಿಗಬೇಕು, ಅದೇ ಮೊದಲ ಲೆಕ್ಕ. ಅದಕ್ಕೇ ಇಂಗ್ಲೆಂಡಿನಲ್ಲಿ ಮಕ್ಕಳು 5, 7, 9 ಜನರ ತಂಡಗಳಲ್ಲಿ ಆಡಿ, ಆಮೇಲೆ 11 ಜನರ ಪೂರ್ತಿ ಆಟಕ್ಕೆ ಬರುತ್ತಾರೆ. ಸ್ಪೇನಿನ ಬಾರ್ಸಿಲೋನಾ ಕ್ಲಬ್‌ನವರ ನೆಚ್ಚಿನ 'ರೊಂಡೊ' ಅನ್ನೋ ಅಭ್ಯಾಸದ ಆಟ ನೋಡಿ. ಸುತ್ತ ನಿಂತವರು ಪಾಸ್ ಮಾಡುತ್ತಲೇ ಇರಬೇಕು, ನಡುವಿನ ಇಬ್ಬರು ಚೆಂಡು ಕಸಿಯಬೇಕು. ಚೆಂಡು ಬರುವ ಮುಂಚೆಯೇ ತಲೆಯೆತ್ತಿ ಯಾರು ಎಲ್ಲಿದ್ದಾರೆ ಅಂತ ನೋಡುವ ರೂಢಿ ಬರೋದು ಅಲ್ಲೇ.

ಕ್ಲಬ್‌ಗಳಿಗೆ ಇದು ದಾನಧರ್ಮವೇನಲ್ಲ ಬಿಡಿ. ಒಪ್ಪಂದ ಮುಗಿಯುವ ಮುಂಚೆ ಆಟಗಾರ ಬೇರೆ ದೇಶದ ಕ್ಲಬ್‌ಗೆ ಮಾರಾಟವಾದರೆ, 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ತಯಾರು ಮಾಡಿದ ಕ್ಲಬ್‌ಗಳಿಗೆ ಫಿಫಾ (ವಿಶ್ವ ಫುಟ್‌ಬಾಲ್ ಸಂಸ್ಥೆ) ನಿಯಮದಂತೆ ಆ ಮಾರಾಟದ ಹಣದಲ್ಲಿ ಒಟ್ಟು ಶೇ 5ರವರೆಗೆ ಪಾಲು ಸಿಗುತ್ತದೆ. ಅಕಾಡೆಮಿ ಸೇರಿದವರಲ್ಲಿ ಹೆಚ್ಚಿನವರು ಮುಖ್ಯ ತಂಡ ತಲುಪೋದೇ ಇಲ್ಲ. ಓದು ಮಾತ್ರ ಬಿಡಿಸಬೇಡಿ.

ಬೆಂಗಳೂರು ಸುಮಾರು 70 ಕಿ.ಮೀ. ತರಬೇತಿಗೆ ಅಂತ ಹತ್ತು ವರ್ಷದವನನ್ನು ಅಲ್ಲಿಗೆ ದಿನಾ ರೈಲು ಹತ್ತಿಸೋದು ದಂಡ ಅನ್ನೋದು ನನ್ನ ಅನಿಸಿಕೆ. ಊರಲ್ಲೇ ಆರು ಹುಡುಗರನ್ನು ಸೇರಿಸಿ ರೊಂಡೊ ಆಡಿಸಿ. ಕ್ಲಬ್‌ಗಳ ಟ್ರಯಲ್ಸ್‌ಗೆ (ಆಯ್ಕೆ ಪರೀಕ್ಷೆಗೆ) 12–13ನೇ ವಯಸ್ಸಿಗೆ ಹೋದರಾಯಿತು.