ಮಗು ನಿದ್ದೆ ಮಾಡುವಾಗ ಪಕ್ಕದಲ್ಲಿ ಕೂತು ನೋಡಿ

"ಐದು ವರ್ಷದ ಮಗ ಬಾಯಿ ತೆರೆದೇ ಮಲಗುತ್ತಾನೆ, ದೊಡ್ಡವರ ಹಾಗೆ ಗೊರಕೆ ಹೊಡೆಯುತ್ತಾನೆ. ಒಬ್ಬ ಡಾಕ್ಟರು ಅಡಿನಾಯ್ಡ್, ಟಾನ್ಸಿಲ್ ಎರಡನ್ನೂ ತೆಗೆಸಿ ಅಂದರು. ಇನ್ನೊಬ್ಬರು ಕಾಯೋಣ ಅಂದರು. ಬೆಳೀತಾ ಸರಿಹೋಗುತ್ತೆ, ಆಪರೇಷನ್ ಬೇಡ ಅಂತಾರೆ ಅತ್ತೆ. ಯಾರ ಮಾತು ಕೇಳಲಿ?"
— ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಮ್ಮ ಮನೆಯಲ್ಲೂ ಇದು ನಡೆದಿದೆ.

ಅತ್ತೆಯವರ ಮಾತು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅಡಿನಾಯ್ಡ್ ಮೂಗಿನ ಹಿಂಭಾಗದಲ್ಲಿರುವ ಮೆತ್ತನೆಯ ಗಂಟು. ಬಾಯಿ ತೆರೆದರೆ ಟಾನ್ಸಿಲ್ ಕಾಣುತ್ತದೆ, ಇದು ಕಾಣುವುದಿಲ್ಲ. 3ರಿಂದ 7 ವರ್ಷದ ಮಕ್ಕಳಲ್ಲಿ ದೊಡ್ಡದಾಗಿದ್ದು, ಹದಿಹರೆಯದ ಹೊತ್ತಿಗೆ ತಾನಾಗಿ ಕುಗ್ಗುತ್ತದೆ. ಆದರೆ ಅಲ್ಲಿಯವರೆಗೆ ಮಗು ಹೇಗೆ ಉಸಿರಾಡಬೇಕು, ಹೇಗೆ ನಿದ್ದೆ ಮಾಡಬೇಕು? ನೋಡಬೇಕಾದ್ದು ಅದನ್ನೇ.

ಬರೀ ಗಂಟಲು ನೋಡಿ ತೀರ್ಮಾನಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕಿನ ಒಂದು ಹಳೆಯ ಅಧ್ಯಯನವಿದೆ. 1934ರಲ್ಲಿ ಪ್ರಕಟವಾದದ್ದು. 1,000 ಶಾಲಾ ಮಕ್ಕಳಲ್ಲಿ 611 ಮಕ್ಕಳಿಗೆ ಆಗಲೇ ಟಾನ್ಸಿಲ್ ತೆಗೆದಾಗಿತ್ತು. ಉಳಿದವರಲ್ಲಿ 174 ಮಕ್ಕಳಿಗೆ ತೆಗೆಸಿ ಅಂದರು ವೈದ್ಯರು. ಬೇಡ ಅನ್ನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದಾಗ ಅವರಲ್ಲೂ 99 ಮಕ್ಕಳಿಗೆ ಆಪರೇಷನ್ ಬೇಕು ಅಂದುಬಿಟ್ಟರು! ಈಗ ಹಾಗಿಲ್ಲ. ಪದೇಪದೇ ಗಂಟಲು ನೋವು ಬರುವ ಮಗುವಾದರೆ ಒಂದು ವರ್ಷದಲ್ಲಿ 7 ಸಲ, ಅಥವಾ ಎರಡು ವರ್ಷ ಸತತವಾಗಿ ವರ್ಷಕ್ಕೆ 5 ಸಲ, ಅಥವಾ ಮೂರು ವರ್ಷ ಸತತವಾಗಿ ವರ್ಷಕ್ಕೆ 3 ಸಲ ಬಂದಿದೆಯಾ ಅಂತ ಲೆಕ್ಕ ಹಾಕುತ್ತಾರೆ.

ನಿಮ್ಮ ಮಗನದು ನಿದ್ದೆಯ ತೊಂದರೆ ಇದ್ದಂತಿದೆ. ಇವತ್ತು ರಾತ್ರಿ ಪಕ್ಕದಲ್ಲಿ ಕೂತು ನೋಡಿ. ಗೊರಕೆಯ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ಳುತ್ತಾನಾ? ಕತ್ತು ಹಿಂದಕ್ಕೆ ಚಾಚಿ ಮಲಗುತ್ತಾನಾ? ಹಾಸಿಗೆಯಲ್ಲಿ ಉಚ್ಚೆ ಮಾಡುವ ಅಭ್ಯಾಸ ಬಿಟ್ಟುಹೋಗಿದ್ದು ಮತ್ತೆ ಶುರುವಾಗಿದೆಯಾ? ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಇಎನ್‌ಟಿ ಡಾಕ್ಟರಿಗೆ ತೋರಿಸಿ. ಹಗಲು ನಡೆಯುವ ತಪಾಸಣೆಯಲ್ಲಿ ರಾತ್ರಿಯ ಉಸಿರಾಟ ಕಾಣುವುದಿಲ್ಲ ಅಲ್ವಾ? ಉಸಿರು ನಿಲ್ಲುವುದು ಕಂಡರೆ ತಡಮಾಡಬೇಡಿ.

ಕಾಯೋಣ ಅಂದ ಡಾಕ್ಟರಿಗೂ ಆಧಾರವಿದೆ. ನಿದ್ದೆಯಲ್ಲಿ ಉಸಿರು ಕಟ್ಟುವ 5ರಿಂದ 9 ವರ್ಷದ ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಏಳು ತಿಂಗಳಲ್ಲಿ ಆಪರೇಷನ್ ಆದವರಲ್ಲಿ ಶೇ. 79 ಮಕ್ಕಳ ನಿದ್ದೆಯ ಪರೀಕ್ಷೆ (ಮಲಗಿದಾಗ ಉಸಿರಾಟ ಹೇಗಿದೆ ಅಂತ ನೋಡುವ ಪರೀಕ್ಷೆ) ಸರಿಬಂತು. ಕಾದವರಲ್ಲೂ ಶೇ. 46 ಮಕ್ಕಳದು ಸರಿಬಂತು. ತೊಂದರೆ ಸಣ್ಣದಾದರೆ ಮೂಗಿನ ಸ್ಪ್ರೇ ಕೊಟ್ಟು ಕೆಲವು ವಾರ ನೋಡುವುದೂ ಉಂಟು.

ಕಿವಿಯನ್ನೂ ಮರೆಯದೆ ಪರೀಕ್ಷೆ ಮಾಡಿಸಿ. ನನ್ನ ತಂಗಿಯ ಮಗ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಹಠಮಾರಿ ಅಂತ ಎಲ್ಲರೂ ಬೈದೆವು, ನಾನೂ ಬೈದೆ. ಅಡಿನಾಯ್ಡ್‌ನಿಂದಾಗಿ ಕಿವಿಯ ತಮಟೆಯ ಹಿಂದೆ ನೀರು ನಿಂತು, ಅವನಿಗೆ ನಮ್ಮ ಮಾತು ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಟಾನ್ಸಿಲ್ ತೆಗೆದರೆ ರೋಗನಿರೋಧಕ ಶಕ್ತಿ ಹೋಗುತ್ತೆ ಅನ್ನುವ ಹೆದರಿಕೆ ದೊಡ್ಡದು ಮಾಡಿಕೊಳ್ಳಬೇಡಿ. ಆ ಕೆಲಸ ಮಾಡುವ ಭಾಗಗಳು ದೇಹದಲ್ಲಿ ಬೇರೆ ಬೇಕಾದಷ್ಟಿವೆ. ಆಪರೇಷನ್ ಮಾಡಿಸಿದರೆ ಗಂಟಲಲ್ಲಿ ಬಿಳಿ ಪೊರೆ ಕಾಣುತ್ತದೆ, ಅದು ಕೀವಲ್ಲ. ಒಂದೆರಡು ವಾರ ನೋವಿರುತ್ತದೆ. ನೀರು, ಗಂಜಿ ಆಗಾಗ ಕುಡಿಸುತ್ತಿರಿ. ಡಾಕ್ಟರು ಬರೆದುಕೊಟ್ಟದ್ದು ಬಿಟ್ಟು ಬೇರೆ ನೋವಿನ ಮಾತ್ರೆ ಕೊಡಬೇಡಿ. ರಕ್ತ ಬರುವ ಅಪಾಯ ಮೊದಲ ದಿನ, ಮತ್ತೆ 5ರಿಂದ 10ನೇ ದಿನದೊಳಗೆ ಜಾಸ್ತಿ. ಸ್ವಲ್ಪವೇ ರಕ್ತ ಕಂಡರೂ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.