ರಾತ್ರಿ ಮೂರು ಸಲ ಏಳುವುದು ವಯಸ್ಸಿನ ಲಕ್ಷಣವೇ?

ಪ್ರಶ್ನೆ: ನನಗೆ 63 ವರ್ಷ, ಕುಮಟಾ ತಾಲ್ಲೂಕಿನ ಹಳ್ಳಿಯವನು. ಎರಡು ವರ್ಷಗಳಿಂದ ರಾತ್ರಿ ಮೂರು ಸಲವಾದರೂ ಮೂತ್ರಕ್ಕೆ ಏಳುತ್ತೇನೆ, ಧಾರೆಯೂ ಸಣ್ಣಗಾಗಿದೆ. ಬಚ್ಚಲು ಹಿತ್ತಿಲಿನಲ್ಲಿರುವುದರಿಂದ ಮಳೆಗಾಲದಲ್ಲಿ ಬಹಳ ಕಷ್ಟ. 57 ವರ್ಷದ ಪತ್ನಿಗೆ ಕೆಮ್ಮಿದರೂ ಸೀನಿದರೂ ಹನಿ ಜಾರುತ್ತದೆ. ‘ವಯಸ್ಸಾದ ಮೇಲೆ ಎಲ್ಲರಿಗೂ ಇದ್ದದ್ದೇ’ ಎನ್ನುತ್ತಾರೆ. ಹೌದೇ?

ಉತ್ತರ: ಎಲ್ಲರಿಗೂ ಅಲ್ಲ, ಆದರೆ ನೀವು ಎಣಿಸಿದ್ದಕ್ಕಿಂತ ಹೆಚ್ಚು ಜನರಿಗೆ ಇದೆ. ಅಮೆರಿಕ, ಬ್ರಿಟನ್ ಮತ್ತು ಸ್ವೀಡನ್‌ಗಳಲ್ಲಿ 40 ದಾಟಿದ ಸುಮಾರು 30,000 ಜನರನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ, ಮೂತ್ರ ಸಂಬಂಧಿ ತೊಂದರೆಗಳಲ್ಲಿ ಒಂದಾದರೂ ಕೆಲವೊಮ್ಮೆಯಾದರೂ ಕಾಡುತ್ತದೆ ಎಂದವರು ಗಂಡಸರಲ್ಲಿ ಶೇ. 72, ಹೆಂಗಸರಲ್ಲಿ ಶೇ. 76. ‘ಕೆಲವೊಮ್ಮೆ’ ಎಂದವರನ್ನೂ ಸೇರಿಸಿಕೊಂಡದ್ದರಿಂದ ಅಂಕಿ ದೊಡ್ಡದಾಗಿದೆ ಎಂಬುದನ್ನು ಮರೆಯಬಾರದು. ಇದು ಗಂಡಸರ ಪ್ರಾಸ್ಟೇಟ್ ಕಾಯಿಲೆ ಮಾತ್ರ ಎಂಬ ನಮ್ಮ ಕಡೆಯ ತಿಳಿವಳಿಕೆ ತಪ್ಪು ಎಂಬುದಂತೂ ಅದರಿಂದ ಸ್ಪಷ್ಟ. ಹೆಂಗಸರು ಹೇಳಿಕೊಳ್ಳುವುದಿಲ್ಲ, ಅಷ್ಟೇ. ಆದರೆ ಹಲವರಿಗೆ ಇದೆ ಎಂಬುದು ಸುಮ್ಮನಿರಲು ಕಾರಣವಲ್ಲ. ರಕ್ತದೊತ್ತಡವೂ ಹಲವರಿಗೆ ಇರುತ್ತದೆ.

ರಾತ್ರಿ ಏಳುವುದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ: ರಾತ್ರಿ ಮೂತ್ರವೇ ಹೆಚ್ಚು ತಯಾರಾಗುವುದು, ಇಲ್ಲವೇ ಮೂತ್ರಕೋಶವು ಸ್ವಲ್ಪ ತುಂಬುತ್ತಲೇ ಅವಸರಪಡಿಸುವುದು. ಇವನ್ನು ಬೇರ್ಪಡಿಸಲು ಮೂರು ದಿನ ಅಳತೆಯ ಪಾತ್ರೆಯೊಂದನ್ನು ಇಟ್ಟುಕೊಂಡು, ಪ್ರತಿ ಸಲ ಹೋದ ಹೊತ್ತನ್ನೂ ಪ್ರಮಾಣವನ್ನೂ ಬರೆಯಿರಿ. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರವನ್ನು ರಾತ್ರಿಯ ಲೆಕ್ಕಕ್ಕೇ ಸೇರಿಸಿರಿ. ದಿನದ ಒಟ್ಟಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ರಾತ್ರಿಯದಾದರೆ ಕಾರಣ ಪ್ರಾಸ್ಟೇಟ್ ಮಾತ್ರ ಆಗಿರಲಾರದು. ಸಂಜೆಯ ಕಷಾಯ, ರಾತ್ರಿ ಊಟಕ್ಕೆ ಬಟ್ಟಲುಗಟ್ಟಲೆ ಅಪ್ಪೆಹುಳಿ, ಅಡಿಕೆ ಸುಲಿಯುತ್ತ ಕುಡಿದ ಚಹಾ (ಇವುಗಳನ್ನು ‘ನೀರು’ ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ), ಹಗಲೆಲ್ಲ ನಿಂತು ಕಾಲಿಗಿಳಿದ ನೀರು ಮಲಗಿದಾಗ ರಕ್ತಕ್ಕೆ ಮರಳುವುದು, ಸಕ್ಕರೆ ಕಾಯಿಲೆ, ಜೋರಾದ ಗೊರಕೆಯ ಜೊತೆಗಿನ ಉಸಿರು ಕಟ್ಟುವಿಕೆ, ಇವೆಲ್ಲ ಮೊದಲು ನೋಡಬೇಕಾದವು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆಯನ್ನು ಸಂಜೆ ತಡವಾಗಿ ನುಂಗುತ್ತಿದ್ದರೆ, ಹೊತ್ತನ್ನು ಬದಲಿಸುವ ಬಗ್ಗೆ ವೈದ್ಯರನ್ನು ಕೇಳಿರಿ.

ಧಾರೆ ಸಣ್ಣಗಾಗಿರುವುದರಿಂದ ಪ್ರಾಸ್ಟೇಟ್ ಪರೀಕ್ಷೆಯೂ ಬೇಕು. ಮೂತ್ರನಾಳವನ್ನು ಸುತ್ತುವರಿದಿರುವ ಈ ಗ್ರಂಥಿ ವಯಸ್ಸಿನೊಂದಿಗೆ ದೊಡ್ಡದಾಗುತ್ತದೆ. ಆದರೆ ಅದರ ಗಾತ್ರಕ್ಕೂ ತೊಂದರೆಗೂ ನೇರ ತಾಳೆಯಿಲ್ಲ, ಸಣ್ಣ ಗ್ರಂಥಿಯೂ ಬಹಳ ಕಾಡಬಹುದು. ಹಾಗಾಗಿ ಸ್ಕ್ಯಾನ್ ವರದಿಯ ಗ್ರಾಂ ಲೆಕ್ಕ ನೋಡಿ ಹೆದರಬೇಡಿ. ಏಳು ಪ್ರಶ್ನೆಗಳ ಒಂದು ಅಂಕಪಟ್ಟಿಯನ್ನು ವೈದ್ಯರು ಕೊಡುತ್ತಾರೆ: 35ರಲ್ಲಿ 7ರವರೆಗೆ ಸೌಮ್ಯ, 8ರಿಂದ 19 ಮಧ್ಯಮ, ಅದರ ಮೇಲೆ ತೀವ್ರ. ನೆಗಡಿಗೆಂದು ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಕೆಲವು ಮಾತ್ರೆಗಳಿಂದ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಹಾಗೆ ಕಟ್ಟಿದರೂ, ಮೂತ್ರದಲ್ಲಿ ರಕ್ತ ಕಂಡರೂ, ಚಳಿಜ್ವರ ಬಂದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ರಕ್ತವು ಒಂದೇ ಸಲ ಬಂದು ನಿಂತಿದ್ದರೂ ಪರೀಕ್ಷೆ ತಪ್ಪಿಸಬಾರದು.

ನಿಮ್ಮ ಪತ್ನಿಯ ತೊಂದರೆ ಬೇರೆ. ಹೆರಿಗೆಗಳಿಂದಲೂ ಮುಟ್ಟು ನಿಂತ ಮೇಲಿನ ಬದಲಾವಣೆಗಳಿಂದಲೂ ಮೂತ್ರಕೋಶಕ್ಕೆ ಆಸರೆಯಾದ ಸ್ನಾಯುಗಳು ಸಡಿಲಗೊಂಡಿರುತ್ತವೆ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಒಮ್ಮೆಗೆ ಎಂಟು ಸಲದಂತೆ ದಿನಕ್ಕೆ ಮೂರು ಹೊತ್ತು ಬಿಗಿದು ಬಿಡುವ ವ್ಯಾಯಾಮವನ್ನು ಮೂರು ತಿಂಗಳಾದರೂ ಮಾಡಬೇಕು. ಹದಿನೈದು ದಿನಕ್ಕೆ ಫಲ ಕಾಣಲಿಲ್ಲವೆಂದು ಬಿಡುವವರೇ ಹೆಚ್ಚು.

ಪ್ರಶ್ನೆ: ಶಿರಸಿಯಿಂದ ಕಾರವಾರಕ್ಕೆ ಆಗಾಗ ಬಸ್ಸಿನಲ್ಲಿ ಹೋಗಬೇಕಾಗುತ್ತದೆ. ನನಗೆ 52 ವರ್ಷ. ದಾರಿಯಲ್ಲಿ ಅವಸರವಾದೀತೆಂದು ಹಿಂದಿನ ರಾತ್ರಿಯಿಂದಲೇ ನೀರು ಬಿಡುತ್ತೇನೆ. ತಪ್ಪೇ?

ಉತ್ತರ: ತಪ್ಪು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಮಲಬದ್ಧತೆಯಾಗಿ ಒತ್ತಡವೂ ಹೆಚ್ಚುತ್ತದೆ. ಹಿಂದಿನ ದಿನ ಎಂದಿನಂತೆ ಕುಡಿಯಿರಿ. ಹೊರಡುವ ಮುಂಚಿನ ಎರಡು ಗಂಟೆ ಕಾಫಿ, ಚಹಾ ಬಿಟ್ಟು ನೀರನ್ನು ಗುಟುಕುಗುಟುಕಾಗಿ ತೆಗೆದುಕೊಳ್ಳಿರಿ. ಬಸ್ಸು ನಿಲ್ಲುವ ಊರಿನಲ್ಲಿ ಇಳಿದು ಹೋಗಿಬನ್ನಿ, ಆದರೆ ಮನೆಯಲ್ಲಿರುವಾಗ ‘ಯಾವುದಕ್ಕೂ ಇರಲಿ’ ಎಂದು ಅರ್ಧ ಗಂಟೆಗೊಮ್ಮೆ ಹೋಗುವ ಅಭ್ಯಾಸ ಬೇಡ. ಅದರಿಂದ ಮೂತ್ರಕೋಶ ಸ್ವಲ್ಪಕ್ಕೇ ಕರೆಯುವುದನ್ನು ಕಲಿಯುತ್ತದೆ. ಹೋಗುವಾಗ ಉರಿಯಿದ್ದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿರಿ.