ಸೈಟಲ್ಲಿ ದಿನಕ್ಕೆ 12 ಗಂಟೆ ದುಡಿದರೂ ಕೆಲಸ ಹಿಂದೆ ಬೀಳುತ್ತೆ, ಎಕ್ಸೆಲ್ ಪಟ್ಟಿ ಸಾಲುತ್ತಿಲ್ಲ. ಯಾವ ಆ್ಯಪ್ ಬಳಸಲಿ?

ಆ ಎಕ್ಸೆಲ್ ಪಟ್ಟಿ ನನ್ನ ಹತ್ತಿರವೂ ಇತ್ತು, ಬಣ್ಣ ಬೇರೆ ಹಚ್ಚಿದ್ದೆ. 1,200 ಚದರ ಅಡಿಯ ಮೋಲ್ಡ್, ಅಂದರೆ ಚಾವಣಿಯ ಕಾಂಕ್ರೀಟ್ ಸ್ಲ್ಯಾಬ್. ‘ಕಂಬಿ – 2 ದಿನ’, ಅದರ ಕೆಳಗೆ ‘ಎಲೆಕ್ಟ್ರಿಕಲ್ ಪೈಪ್ – ಅರ್ಧ ದಿನ’, ಅದರ ಕೆಳಗೆ ‘ಕಾಂಕ್ರೀಟ್’. ಕೆಲಸಗಳೆಲ್ಲ ಪಟ್ಟಿಯಲ್ಲಿದ್ದವು. ಕೆಟ್ಟಿದ್ದು ಮಾತ್ರ ಅದೇ ಪಟ್ಟಿಯಿಂದ.

ಪೈಪು ಕಂಬಿ ಮುಗಿದ ಮೇಲೆ ಬರೋ ಕೆಲಸ ಅಲ್ಲ, ಕಂಬಿ ಕೆಲಸದ ಮಧ್ಯೆ ಬರೋದು. ಕೆಳಗಿನ ಜಾಲ ಕಟ್ಟಿ, ಕಂಬಿ ತಳಕ್ಕೆ ತಾಗದ ಹಾಗೆ ಎತ್ತಿ ಹಿಡಿಯೋ 20 ಮಿ.ಮೀ. ಕವರ್ ಬ್ಲಾಕ್ ಕೊಟ್ಟ ಮೇಲೆ ಕಂಬಿಯವರು ಕೈ ಬಿಡಬೇಕು. ಎಲೆಕ್ಟ್ರಿಷಿಯನ್ ಬಂದು ಫ್ಯಾನ್ ಬಾಕ್ಸ್, ಪೈಪ್ ಕೂರಿಸಬೇಕು. ಆಮೇಲೆ ಚೇರ್ (ಮೇಲಿನ ಕಂಬಿಯನ್ನು ಎತ್ತಿ ಹಿಡಿಯೋ ಬಾಗಿಸಿದ ಕಂಬಿ) ಇಟ್ಟು ಬೀಮ್ ಮೇಲಿನ ಎಕ್ಸ್‌ಟ್ರಾ ಕಂಬಿ. ನಾನು ‘ಮೊದಲು ಅದು, ಆಮೇಲೆ ಇದು’ ಅಂತ ಬರೆದಿದ್ದೆ, ಕಂಬಿಯವರು ಹಾಗೇ ಮಾಡಿದರು. ಎಲೆಕ್ಟ್ರಿಷಿಯನ್ ಬರೋ ಹೊತ್ತಿಗೆ ಮೇಲಿನ ಕಂಬಿಯೂ ಕಟ್ಟಿಯಾಗಿತ್ತು. ಪೈಪ್ ತೂರಿಸೋಕೆ ಅವನ ಹುಡುಗರು ಬೈಂಡಿಂಗ್ ವೈರ್ ಬಿಚ್ಚಿದರು, ಮೇಲಿನ ಕಂಬಿ ತುಳಿದರು, ಚೇರ್‌ಗಳು ವಾಲಿದವು. ಬೀಮ್ ಹತ್ತಿರ ಸ್ಲ್ಯಾಬಿಗೆ ಎಳೆತ ಬೀಳೋದು ಮೇಲ್ಭಾಗದಲ್ಲಿ. ಅಲ್ಲಿನ ಕಂಬಿ ಒಂದೆರಡು ಇಂಚು ಕೆಳಗೆ ಕೂತರೆ ಇದ್ದೂ ಇಲ್ಲದ ಹಾಗೆ, ನಾಳೆ ಬಿರುಕು ಅಲ್ಲೇ. ಬಿಚ್ಚಿ ಮತ್ತೆ ಕಟ್ಟಲೇಬೇಕಾಯ್ತು.

ಅಷ್ಟರಲ್ಲಿ ರೆಡಿಮಿಕ್ಸ್‌ನ (ಪ್ಲಾಂಟಿನಲ್ಲೇ ಕಲಸಿ ಕಳಿಸೋ ಕಾಂಕ್ರೀಟ್) ಮೊದಲ ಲಾರಿ ಗೇಟಿಗೆ ಬಂದಿತ್ತು, 6 ಘನ ಮೀಟರ್. ಲೋಡ್ ಆದ ಎರಡು ಗಂಟೆಯೊಳಗೆ ಸುರಿದು ಮುಗಿಸಬೇಕು. ಡ್ರೈವರ್ ‘ನೀರು ಹಾಕಿ ತೆಳು ಮಾಡ್ಲಾ ಸಾರ್’ ಅಂದ. ಇದಕ್ಕೆ ಯಾವತ್ತೂ ಒಪ್ಪಬೇಡಿ, ಸಿಮೆಂಟಿಗೆ ನೀರಿನ ಪಾಲು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಇಳಿಯುತ್ತೆ. ಲಾರಿ ವಾಪಸ್ ಹೋಯ್ತು, ದುಡ್ಡು ನಾವೇ ಕಟ್ಟಿದೆವು, ಪಂಪಿನ ಬಾಡಿಗೆ ಬೇರೆ. ಹಿಂದಿನ ಸಂಜೆ ಫೋನಲ್ಲಿ ಎಲೆಕ್ಟ್ರಿಷಿಯನ್‌ನ ‘ನಾಳೆ ಆಗುತ್ತಾ?’ ಅಂತ ಕೇಳಿದ್ದೆ. ‘ಆಗುತ್ತೆ ಸಾರ್’ ಅನ್ನೋದು ಉತ್ತರವೇ ಅಲ್ಲ. ‘ಪೈಪು ಸೈಟಿಗೆ ಬಂತಾ? ಎಷ್ಟು ಜನ, ಎಷ್ಟು ಗಂಟೆಗೆ?’ ಅಂತ ಕೇಳಬೇಕಿತ್ತು.

ಅದಕ್ಕೇ ಹೇಳೋದು, ನಿಮಗೆ ಬೇಕಿರೋದು ಆ್ಯಪ್ ಅಲ್ಲ. ಪಟ್ಟಿಯಲ್ಲಿ ಕೆಲಸ ಕಾಣುತ್ತೆ, ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟೋ ಜಾಗ ಕಾಣಲ್ಲ. ದಿನಗಳು ಸೋರೋದು ಅಲ್ಲೇ.

ಶೆಡ್ಡಿನ ಗೋಡೆಗೆ ಒಂದು ಚಾರ್ಟ್ ಪೇಪರ್ ಅಂಟಿಸಿ, ಮುಂದಿನ ಮೂರು ವಾರ ಅದರಲ್ಲಿರಲಿ. ಕಾಂಕ್ರೀಟಿನ ದಿನದಿಂದ ಹಿಂದಕ್ಕೆ ಬರೀತಾ ಬನ್ನಿ. ಪ್ರತಿ ಕೆಲಸಕ್ಕೂ ಡ್ರಾಯಿಂಗ್ ಕೈಯಲ್ಲಿದೆಯಾ, ಸಾಮಾನು ಬಂದಿದೆಯಾ, ಜನ ಇದ್ದಾರಾ, ಹಿಂದಿನವರು ಬಿಟ್ಟುಕೊಟ್ಟರಾ, ಚೆಕ್ ಮಾಡೋರು ಯಾರು ಅಂತ ನೋಡಿ. ಒಂದಕ್ಕೆ ಇಲ್ಲ ಅಂದರೂ ಆ ಕೆಲಸ ಈ ವಾರಕ್ಕೆ ಬೇಡ, ಓನರ್ ಎಷ್ಟೇ ಕೂಗಾಡಲಿ. ಲಾರಿ ಕನ್ಫರ್ಮ್ ಮಾಡೋದು ಮೇಲೆ ಹತ್ತಿ ಕಣ್ಣಾರೆ ನೋಡಿದ ಮೇಲೆ. ಕೆಳಗೆ ನಿಂತು ಕೇಳಿ ಅಲ್ಲ.

ಕಾಯೋ ದಿನಗಳನ್ನೂ ಅದೇ ಚಾರ್ಟಿನಲ್ಲಿ ಬರೀರಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456 ಪ್ರಕಾರ, ಆಧಾರದಿಂದ ಆಧಾರಕ್ಕೆ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಪ್ರಾಪ್ (ಕೆಳಗಿಂದ ಕೊಟ್ಟ ಊರುಗಂಬ) ತೆಗೆಯೋಕೆ ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಾದರೆ 14. ಅದು ಓಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಲೆಕ್ಕ, ನಿಧಾನಕ್ಕೆ ಬಲ ಬರೋ ಪಿಪಿಸಿ (ಪೊಜೊಲಾನಾ ಬೆರೆತ ಸಿಮೆಂಟ್) ಆದರೆ ಇನ್ನೂ ತಡೀಬೇಕು. ಪ್ರಾಪ್ ಇರೋವರೆಗೆ ಕೆಳಗಿನ ಗೋಡೆ ಕೆಲಸ ಸಲೀಸಾಗಿ ನಡೆಯಲ್ಲ, ಆದರೂ ಎಲ್ಲರೂ ಅದಕ್ಕೆ ಮರುದಿನದ ತಾರೀಖು ಹಾಕಿಬಿಡ್ತಾರೆ.

ಶನಿವಾರ ಮೇಸ್ತ್ರಿಗಳನ್ನೆಲ್ಲ ಒಟ್ಟಿಗೆ ನಿಲ್ಲಿಸಿ ಲೆಕ್ಕ ಹಾಕಿ: ಒಪ್ಪಿಕೊಂಡಿದ್ದು ಹತ್ತು, ಮುಗಿದಿದ್ದೆಷ್ಟು? ‘ಮುಕ್ಕಾಲು ಆಗಿದೆ’ ಅಂದರೆ ಆಗಿಲ್ಲ ಅಂತಲೇ. ಆಗದ್ದಕ್ಕೆ ಒಂದು ಸಾಲು ಕಾರಣ ಬರೀರಿ, ಬೈಯಬೇಡಿ, ಬೈದರೆ ಮುಂದಿನ ವಾರ ಸುಳ್ಳು ಹೇಳ್ತಾರೆ. ಗ್ಲೆನ್ ಬ್ಯಾಲಾರ್ಡ್, ಗ್ರೆಗ್ ಹೋವೆಲ್ ಕಟ್ಟಡ ಕೆಲಸದ ಯೋಜನೆಗೆ ರೂಪಿಸಿದ ‘ಲಾಸ್ಟ್ ಪ್ಲಾನರ್’ ಪದ್ಧತಿಯ ತಿರುಳೂ ಇದೇ. ಕಾರಣಗಳನ್ನು ಓದ್ತಾ ಹೋದರೆ ಮೇಸ್ತ್ರಿಗಿಂತ ನಿಮ್ಮ ಹೆಸರೇ ಹೆಚ್ಚು ಸಿಗಬಹುದು: ಡ್ರಾಯಿಂಗ್ ಕೊಟ್ಟಿಲ್ಲ, ಬಾತ್‌ರೂಮ್ ಸ್ಲ್ಯಾಬ್ ಎಷ್ಟು ಇಳಿಸಬೇಕು ಅಂತ ಹೇಳಿಲ್ಲ.

ಇನ್ನೊಂದು. ನಿಮ್ಮ ಕೆಲಸದವರು ರಾಯಚೂರು, ಯಾದಗಿರಿ ಕಡೆಯವರಾದರೆ ಅವರ ಊರಿನ ಜಾತ್ರೆ ಯಾವಾಗ ಅಂತ ಮೇಸ್ತ್ರಿಯನ್ನು ಈಗಲೇ ಕೇಳಿ ಚಾರ್ಟಿಗೆ ಹಾಕಿ. ಆ ವಾರ ಸೆಂಟ್ರಿಂಗ್ (ಕಾಂಕ್ರೀಟ್ ಸುರಿಯೋಕೆ ಹಲಗೆ, ಪ್ರಾಪ್ ಕಟ್ಟೋ ಕೆಲಸ) ಶುರು ಮಾಡಬೇಡಿ.